ಕೃಷಿ ನೀತಿ ಕಲಿಯೋಕೆ ಎಲ್ಲಿಗೆ ಹೋಗೋದು? ಹಾಸನ–ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಹೋಲಿಕೆ

ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ನನಗೆ ಒಂದೇ ಬಗೆಯ ಫೋನ್ ಬರಲು ಶುರುವಾಗುತ್ತವೆ. "ಅಕ್ಕಾ, ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಲೇಬೇಕಂತೆ. ಕಾಫಿ ಬೋರ್ಡಿಗೆ ಹೋಗ್ಲಾ, ಎಪಿಎಂಸಿಗೆ ಹೋಗ್ಲಾ, ಇಲ್ಲಾ ಬೆಂಗಳೂರಲ್ಲೇ ಎಲ್ಲಾದ್ರೂ ನೋಡ್ಲಾ?" ಕೇಳುವವರಲ್ಲಿ ಕಾರೆಕೆರೆಯ ಕೃಷಿ ಕಾಲೇಜಿನವರು, ಮೂಡಿಗೆರೆಯ ತೋಟಗಾರಿಕೆ ಕಾಲೇಜಿನವರು ಇರುತ್ತಾರೆ. ಈಚೆಗೆ ಬಿ.ಕಾಂ. ಹುಡುಗಿಯರು, ಅರ್ಥಶಾಸ್ತ್ರದ ಎಂ.ಎ. ಓದುವವರೂ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನಾನು ಅವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ನಿನ್ನ ಕೈಗೆ ಯಾವ ಕಾಗದ ಬರುತ್ತೆ? ನೀತಿ ಅನ್ನುವುದು ಕೊನೆಗೆ ಬಂದು ನಿಲ್ಲುವುದು ಕಾಗದದಲ್ಲಿ. ಮನವಿ ಪತ್ರ, ಅಧಿಸೂಚನೆ, ಬೆಳೆ ಅಂದಾಜು, ದಿನದ ದರಪಟ್ಟಿ, ಸಭೆಯ ನಡಾವಳಿ, ಹೀಗೆ. ಇವುಗಳಲ್ಲಿ ಒಂದನ್ನಾದರೂ ನೀವೇ ಕೂತು ಬರೆದಿದ್ದರೆ, ಲೆಕ್ಕ ಹಾಕಿದ್ದರೆ, ತಪ್ಪು ಹುಡುಕಿದ್ದರೆ ಆ ಎರಡು ತಿಂಗಳು ಸಾರ್ಥಕ. ಬರೀ ನೋಡಿಕೊಂಡು ಬಂದರೆ ಸರ್ಟಿಫಿಕೇಟ್ ಸಿಗುತ್ತದೆ, ಕೆಲಸ ಬರುವುದಿಲ್ಲ.

ನಾನು ಎಂ.ಎ. ಓದುವಾಗ ಮೊದಲು ಆರಿಸಿಕೊಂಡದ್ದು ಬೆಂಗಳೂರಿನ ಒಂದು ದೊಡ್ಡ ಹೆಸರಿನ ಕಚೇರಿಯನ್ನು. ಆರು ವಾರ ಅಲ್ಲಿದ್ದೆ. ಹಳೆಯ ವರದಿಗಳನ್ನು ವರ್ಷದ ಪ್ರಕಾರ ಜೋಡಿಸಿದೆ, ಜೆರಾಕ್ಸ್ ಮಾಡಿಸಿದೆ, ಎರಡು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ, ಆದರೆ ನನಗೆ ಕೊಡಲು ಅವರ ಹತ್ತಿರ ಕೆಲಸವೇ ಇರಲಿಲ್ಲ. ಆಮೇಲೆ ಊರಿಗೆ ಬಂದು ಮಲೆನಾಡಿನ ಒಂದು ಬೆಳೆಗಾರರ ಸಂಘದಲ್ಲಿ ಎಂಟು ವಾರ ಕೂತೆ. ನಾನು ಇವತ್ತು ಮಾಡುತ್ತಿರುವ ಕೆಲಸದ ಅರ್ಧ ಅಲ್ಲೇ ಕಲಿತದ್ದು.

ಬೆಳೆಗಾರರ ಸಂಘಗಳು

ನಮ್ಮ ಎರಡು ಜಿಲ್ಲೆಗಳಲ್ಲಿ ಇವು ಮೂರು ಮಟ್ಟದಲ್ಲಿವೆ. ಮೇಲೆ, 1893ರಲ್ಲಿ ಹುಟ್ಟಿದ ಉಪಾಸಿ. ದಕ್ಷಿಣ ಭಾರತದ ಎಲ್ಲ ತೋಟದ ಬೆಳೆಗಳಿಗೂ ಸೇರಿದ ಸಂಸ್ಥೆ, ಕೇಂದ್ರ ಕಚೇರಿ ಕೂನೂರಿನಲ್ಲಿ. ಅದರ ಕೆಳಗೆ ನಮ್ಮ ರಾಜ್ಯದ ಮಟ್ಟದಲ್ಲಿ ಚಿಕ್ಕಮಗಳೂರಿನ ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ ಮತ್ತು ಸಕಲೇಶಪುರದ ಕರ್ನಾಟಕ ಬೆಳೆಗಾರರ ಒಕ್ಕೂಟ. ಇನ್ನೂ ಕೆಳಗೆ ತಾಲ್ಲೂಕು, ಹೋಬಳಿ ಬೆಳೆಗಾರರ ಸಂಘಗಳು. ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಆ ಚಿಕ್ಕ ಬೆಳೆಗಾರನ ದನಿ ಮೊದಲು ಕೇಳಿಸುವುದು ತಾಲ್ಲೂಕು ಸಂಘದಲ್ಲಿ.

ಇಲ್ಲಿ ಕೈಗೆ ಬರುವ ಕಾಗದ ಮನವಿ ಪತ್ರ. ನಾನಿದ್ದಾಗ, ಅಂದರೆ 2017ರ ಮಳೆಗಾಲ ಮುಗಿದ ಮೇಲೆ, ಎಲ್ಲರ ಬಾಯಲ್ಲೂ ಕಾಳುಮೆಣಸಿನ ಮಾತೇ. ಶ್ರೀಲಂಕಾದ ಜೊತೆಗಿನ ವ್ಯಾಪಾರ ಒಪ್ಪಂದದ ದಾರಿಯಲ್ಲಿ ವಿಯೆಟ್ನಾಂ ಮೆಣಸು ಅಗ್ಗದಲ್ಲಿ ಬಂದು ಬೀಳುತ್ತಿದೆ ಅಂತ ಬೆಳೆಗಾರರ ದೂರು. ಮನವಿಯ ಕರಡು ನನಗೆ ಕೊಟ್ಟರು. ನಾನು ಬರೆದದ್ದರಲ್ಲಿ "ಬೆಳೆಗಾರರು ತೀವ್ರ ಸಂಕಷ್ಟದಲ್ಲಿದ್ದಾರೆ" ಅಂತ ಮೂರು ಕಡೆ ಇತ್ತು. ಕಾರ್ಯದರ್ಶಿಗಳು ಕೆಂಪು ಪೆನ್ನಿನಲ್ಲಿ ಮೂರನ್ನೂ ಹೊಡೆದು ಹಾಳೆ ನನ್ನ ಕಡೆ ತಿರುಗಿಸಿದರು. "ಸಂಕಷ್ಟ ಅಂತ ದೆಹಲಿಗೆ ಎಲ್ಲರೂ ಬರೀತಾರೆ ಕಣಮ್ಮ. ಎಕರೆಗೆ ಎಷ್ಟು ಆಳು ಬಿತ್ತು, ಆಳಿಗೆ ಎಷ್ಟು ಕೂಲಿ ಕೊಟ್ವಿ, ಕೊನೆಗೆ ಕೆಜಿಗೆ ಎಷ್ಟು ತಗುಲ್ತು, ಅದನ್ನ ಬರಿ."

ಮೂರು ತೋಟಗಳಿಗೆ ಹೋಗಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಬರೆಯುವ ಪುಸ್ತಕ, ಕೂತು ನೋಡಿದೆ. ದೊಡ್ಡ ತೋಟದಲ್ಲಿ ದಿನದ ಆಳಿನ ಲೆಕ್ಕ ಅಚ್ಚುಕಟ್ಟಾಗಿ ಇತ್ತು. ನಾಲ್ಕು ಎಕರೆಯವರ ಮನೆಯಲ್ಲಿ ಪುಸ್ತಕವೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದರು, "ನಮ್ಮ ಕೂಲಿ ಯಾಕಮ್ಮ ಬರ್ಕೋಬೇಕು, ಮನೆ ಕೆಲಸ ತಾನೇ" ಅಂದರು. ಉತ್ಪಾದನಾ ವೆಚ್ಚ ಲೆಕ್ಕ ಹಾಕುವಾಗ ಎ2, ಎ2+ಎಫ್‌ಎಲ್, ಸಿ2 ಅಂತ ಮೂರು ಬಗೆ ಇದೆ ಅಂತ ತರಗತಿಯಲ್ಲಿ ಓದಿದ್ದೆ. ಕೈಯಿಂದ ಬಿಚ್ಚಿದ ಖರ್ಚು ಮಾತ್ರ ಎ2. ಮನೆಯವರ ದುಡಿಮೆ ಸೇರಿದರೆ ಎ2+ಎಫ್‌ಎಲ್. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯೂ ಸೇರಿದರೆ ಸಿ2. ಈ ಮೂರರ ಅಂತರ ಎಷ್ಟು ದೊಡ್ಡದು ಅಂತ ನನಗೆ ನಿಜವಾಗಿ ಗೊತ್ತಾದದ್ದು ಆ ಜಗಲಿಯ ಮೇಲೆ.

ಆ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಮರುವರ್ಷ ಆ ಬೆಲೆಗಿಂತ ಕೆಳಗಿನ ಆಮದನ್ನೇ ನಿಷೇಧಿಸಿತು. ನಮ್ಮ ಒಂದು ಮನವಿಯಿಂದ ಆದದ್ದಲ್ಲ, ಹಲವು ಸಂಘಗಳು ಸೇರಿ ಬಹಳ ದಿನ ಒತ್ತಾಯ ಮಾಡಿದ್ದವು. ಆದರೂ ಅಧಿಸೂಚನೆಯ ಪ್ರತಿ ಸಂಘದ ಗೋಡೆಗೆ ಅಂಟಿಸಿದ ದಿನ ನಾನು ಅದನ್ನು ಎರಡು ಸಲ ಓದಿದ್ದು ನೆನಪಿದೆ.

ಈಗ ಹೋದರೆ ವಿಷಯಗಳಿಗೆ ಕೊರತೆ ಇಲ್ಲ. ಸಾಲ ಬಾಕಿ ಇರುವ ತೋಟಗಳಿಗೆ ಬ್ಯಾಂಕಿನವರು ಸರ್ಫೇಸಿ ಕಾಯ್ದೆ (ಸಾಲ ವಸೂಲಿ ಕಾಯ್ದೆ) ಹಚ್ಚಿ ಹರಾಜು ಹಾಕುವ ಪ್ರಶ್ನೆ, ಒತ್ತುವರಿ ಜಾಗವನ್ನು 30 ವರ್ಷಕ್ಕೆ ಗುತ್ತಿಗೆ ಕೊಡುವ ವಿಚಾರ, ಸಕಲೇಶಪುರ–ಆಲೂರು–ಬೇಲೂರು ಕಡೆಯ ಆನೆ ಹಾವಳಿ ಮತ್ತು ಪರಿಹಾರದ ಲೆಕ್ಕ. ಆನೆ ತುಳಿದ ಕಾಫಿ ಗಿಡಕ್ಕೆ ಪರಿಹಾರ ಎಷ್ಟು, ಅದೇ ಗಿಡ ಮತ್ತೆ ಫಸಲಿಗೆ ಬರಲು ಎಷ್ಟು ವರ್ಷ, ಅಷ್ಟರಲ್ಲಿ ಆದ ನಷ್ಟ ಎಷ್ಟು: ಇದೊಂದನ್ನೇ ಹಿಡಿದು 20 ತೋಟ ಸುತ್ತಿ ಬರೆದರೆ ಒಳ್ಳೆಯ ವರದಿ ಆಗುತ್ತದೆ.

ತೊಂದರೆಗಳೂ ಇವೆ. ಸ್ಟೈಪೆಂಡ್ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಸಂಘ ಬೆಳೆಗಾರರ ಪರ, ಕೂಲಿ ಕಾರ್ಮಿಕರ ಪರ ಅಲ್ಲ. ಕಾರ್ಮಿಕರ ಮಾತು ಬೇಕೆಂದರೆ ನೀವೇ ಲೈನ್ ಮನೆಗಳಿಗೆ ಹೋಗಿ ಕೇಳಬೇಕು, ಕೇಳಲೇಬೇಕು. ಚಿಕ್ಕ ಸಂಘಗಳಲ್ಲಿ ದಿನವೂ ಕಚೇರಿ ತೆರೆದಿರುವುದಿಲ್ಲ. ಸೇರುವ ಮೊದಲೇ "ನಾನು ಯಾವ ವಿಷಯದ ಮೇಲೆ ಏನು ಬರೆದು ಕೊಡಬೇಕು" ಅಂತ ಮಾತಾಡಿಕೊಂಡರೆ ಈ ತಾಪತ್ರಯ ಅರ್ಧ ಕಡಿಮೆ.

ಕಾಫಿ ಮಂಡಳಿ

ಇದು 1942ರ ಕಾಯ್ದೆಯಿಂದ ಬಂದ ಸಂಸ್ಥೆ, ಕೇಂದ್ರ ವಾಣಿಜ್ಯ ಸಚಿವಾಲಯದ ಕೈಕೆಳಗಿದೆ. ಕೃಷಿ ಸಚಿವಾಲಯ ಅಲ್ಲ ಅನ್ನುವುದನ್ನು ಗಮನಿಸಿ. ಕಾಫಿಯನ್ನು ಸರ್ಕಾರ ಮೊದಲಿನಿಂದ ರಫ್ತಿನ ಸರಕಾಗಿ ನೋಡಿದೆ. ತೊಂಬತ್ತರ ದಶಕದವರೆಗೆ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟಿಗೆ ಸೇರಿಸಿ ಮಂಡಳಿಯೇ ಮಾರುವ ಸಂಗ್ರಹಕ್ಕೆ, ಹಾಕಬೇಕಿತ್ತು. ಮನೆಯಲ್ಲಿ ಅಜ್ಜ ಇದ್ದರೆ ಆ ಕಾಲದ ಬಗ್ಗೆ ಕೇಳಿ ನೋಡಿ, ಒಂದು ಸಂಜೆ ಪೂರ್ತಿ ಹೇಳುತ್ತಾರೆ.

ಮಂಡಳಿಯೊಳಗೇ ಎರಡು ದಾರಿ ಇವೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಕೇಂದ್ರ 1925ರಷ್ಟು ಹಳೆಯದು. ತಳಿ, ಕಾಂಡಕೊರಕ, ಎಲೆ ತುಕ್ಕು, ಮಣ್ಣು ಇವು ನಿಮ್ಮ ಆಸಕ್ತಿಯಾದರೆ ಬೇರೆ ಯೋಚನೆ ಬೇಡ, ಅಲ್ಲಿಗೇ ಪ್ರಯತ್ನಿಸಿ. ಆದರೆ ನೀತಿ, ವ್ಯಾಪಾರ ಕಲಿಯಲು ಬಂದವರಿಗೆ ಅದು ಸರಿಯಾದ ಜಾಗ ಅಲ್ಲ. ಅವರು ವಿಸ್ತರಣಾ ವಿಭಾಗದ ಕಚೇರಿಗಳನ್ನು ನೋಡಬೇಕು. ಅಲ್ಲಿನ ಸಂಪರ್ಕಾಧಿಕಾರಿಗಳು ತೋಟದಿಂದ ತೋಟಕ್ಕೆ ಹೋಗುವವರು. ಹೂವಾದ ಮೇಲೆ ಒಂದು, ಮುಂಗಾರು ಮುಗಿದ ಮೇಲೆ ಒಂದು, ಹೀಗೆ ಮಂಡಳಿ ಹೊರಡಿಸುವ ಬೆಳೆ ಅಂದಾಜು ಅವರ ಓಡಾಟದ ಮೇಲೆ ನಿಂತಿದೆ. ಆ ಅಂದಾಜನ್ನು ನೋಡಿ ವ್ಯಾಪಾರಿ ದರ ಹೇಳುತ್ತಾನೆ, ಬೆಳೆಗಾರ ಮಾಲು ಮಾರಬೇಕೋ ಹಿಡಿದಿಡಬೇಕೋ ಅಂತ ತೀರ್ಮಾನಿಸುತ್ತಾನೆ. ಅದು ಹೇಗೆ ತಯಾರಾಗುತ್ತದೆ ಅಂತ ಹತ್ತಿರದಿಂದ ನೋಡುವುದೇ ಒಂದು ಪಾಠ.

ಸರ್ಕಾರಿ ಕಚೇರಿ ಆದ್ದರಿಂದ ಅನುಮತಿಗೆ ಸಮಯ ಹಿಡಿಯುತ್ತದೆ. ಕಾಲೇಜಿನ ಪತ್ರ ಇಲ್ಲದೆ ಹೋಗಬೇಡಿ. ಅಂಕಿಗಳನ್ನು ಹೊರಗೆ ಹಂಚಿಕೊಳ್ಳುವಂತಿಲ್ಲ ಅಂದರೆ ಅದನ್ನು ಪಾಲಿಸಿ.

ಏಲಕ್ಕಿ, ಮೆಣಸಿನ ಕಡೆ ಒಲವಿದ್ದರೆ ಸಕಲೇಶಪುರದ ದೋಣಿಗಾಲ್‌ನಲ್ಲಿ ಸಂಬಾರ ಮಂಡಳಿಯ ಸಂಶೋಧನಾ ಕೇಂದ್ರ ಇದೆ. ಅದೂ ಬಾಳೆಹೊನ್ನೂರಿನ ಹಾಗೇ, ವಿಜ್ಞಾನದವರಿಗೆ.

ಎಪಿಎಂಸಿ

ಎಪಿಎಂಸಿ ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ. ಹುಡುಗರು ಇದನ್ನು ಕಡೆಗಣಿಸುತ್ತಾರೆ. "ಅಲ್ಲೇನಿದೆ ಅಕ್ಕಾ, ಮೂಟೆ, ಧೂಳು" ಅನ್ನುತ್ತಾರೆ. ನನ್ನ ಪ್ರಕಾರ ಬಿ.ಕಾಂ. ಮತ್ತು ಅರ್ಥಶಾಸ್ತ್ರದವರಿಗೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹಾಸನದಲ್ಲಿ ಆಲೂಗಡ್ಡೆ, ಅರಸೀಕೆರೆಯಲ್ಲಿ ಕೊಬ್ಬರಿ. ಎರಡರ ಹಿಂದೆಯೂ ನೀತಿಯ ದೊಡ್ಡ ಕಥೆ ಇದೆ.

ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು, 2025ಕ್ಕೆ 12,100. ಮಾರುಕಟ್ಟೆ ಬೆಲೆ ಇದಕ್ಕಿಂತ ಕೆಳಗಿಳಿದಾಗ ನಾಫೆಡ್ (ಸರ್ಕಾರದ ಪರವಾಗಿ ಕೊಳ್ಳುವ ಸಂಸ್ಥೆ) ಖರೀದಿಗೆ ನೋಂದಣಿ ಸಾಲು, ಮೇಲೇರಿದಾಗ ಖರೀದಿ ಕೇಂದ್ರದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬೆಂಬಲ ಬೆಲೆ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಪಠ್ಯದಲ್ಲೂ ಸಿಗದು. ಆಲೂಗಡ್ಡೆಯದು ಇನ್ನೊಂದು ಬಗೆ. ಬಿತ್ತನೆ ಗೆಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ, ಬಿತ್ತನೆಗೆ ಮೊದಲು ಹಾಸನದ ಪ್ರಾಂಗಣದಲ್ಲಿ ಮಾರಾಟ. ಗೆಡ್ಡೆ ಚೆನ್ನಾಗಿಲ್ಲದಿದ್ದರೆ, ಅಂಗಮಾರಿ ಬಿದ್ದರೆ ರೈತ ಯಾರನ್ನು ಕೇಳಬೇಕು? ಬೀಜದ ಹೊಣೆ ಯಾರದು ಅನ್ನುವ ಆ ಪ್ರಶ್ನೆಯ ಮೇಲೆ ಯಾರಾದರೂ ವಿದ್ಯಾರ್ಥಿ ಕೂತು ಕೆಲಸ ಮಾಡಲಿ ಅಂತ ನನಗೆ ಬಹಳ ದಿನದ ಆಸೆ.

ಇಲ್ಲಿ ಕೈಗೆ ಬರುವ ಕಾಗದ ದರಪಟ್ಟಿ. ಆವಕ (ಆ ದಿನ ಬಂದ ಮಾಲು) ಇಷ್ಟು, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು, ಮಾದರಿ ದರ (ಹೆಚ್ಚು ಮಾಲು ಮಾರಾಟವಾದ ದರ) ಇಷ್ಟು. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಆ ಒಂದು ಸಾಲಿನ ಹಿಂದೆ ಏನಿದೆ ಅಂತ ನೋಡಲು ಪ್ರಾಂಗಣಕ್ಕೇ ಹೋಗಬೇಕು. ಎರಡು ವರ್ಷದ ಹಿಂದೆ ನಾನು ಕಳಿಸಿದ ಒಬ್ಬ ಹುಡುಗ ಒಂದು ಕೊಬ್ಬರಿ ಮಾರುಕಟ್ಟೆಯಲ್ಲಿ ನಾಲ್ಕು ವಾರ ಬೆಳಿಗ್ಗೆಯೇ ಹೋಗಿ ನಿಲ್ಲುತ್ತಿದ್ದ. ಖರೀದಿದಾರರು ರಾಶಿಯಿಂದ ಒಂದು ಉಂಡೆ ಎತ್ತಿಕೊಂಡು ಒಡೆದು, ಒಳಗಿನ ಬಿಳುಪು ನೋಡಿ, ಉಗುರಿನಲ್ಲಿ ಗೀರಿ, ಮೂಸಿ, ಏನೂ ಮಾತಾಡದೆ ಮುಂದಿನ ರಾಶಿಗೆ ಹೋಗುತ್ತಿದ್ದರಂತೆ. ಇವನು ಪ್ರತಿ ಲಾಟಿನ ತೂಕ, ಟೆಂಡರ್‌ನಲ್ಲಿ ಬಿದ್ದ ದರ, ಕೊನೆಗೆ ರೈತನ ಚೀಟಿಯಲ್ಲಿ ಬರೆದ ದರ ಮೂರನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ. ಎರಡು ಮೂರು ಚೀಲ ತಂದವರಿಗೆ ಆ ದಿನದ ಮಾದರಿ ದರ ಸಿಗುವುದು ಅಪರೂಪ ಅಂತ ಅವನ ಪಟ್ಟಿಯಲ್ಲಿ ಕಾಣಿಸಿತು. ಅವನ ಮಾರ್ಗದರ್ಶಕರು ಆ ನೋಟ್‌ಬುಕ್ಕನ್ನೇ ವರದಿಯ ಅನುಬಂಧವಾಗಿ ಸೇರಿಸಲು ಹೇಳಿದರು.

ಓದಿಕೊಂಡು ಹೋಗಬೇಕಾದದ್ದು: ರಾಜ್ಯದ 1966ರ ಎಪಿಎಂಸಿ ಕಾಯ್ದೆ, ಪ್ರಾಂಗಣದ ಹೊರಗೆ ವ್ಯಾಪಾರಕ್ಕೆ ದಾರಿ ಬಿಟ್ಟ 2020ರ ತಿದ್ದುಪಡಿ, ಏಕೀಕೃತ ಆನ್‌ಲೈನ್ ಟೆಂಡರ್ ವ್ಯವಸ್ಥೆ, 2016ರಲ್ಲಿ ಶುರುವಾದ ಇ-ನಾಮ್ (ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ). ತಿದ್ದುಪಡಿಗೆ ಮುಂಚಿನ ಮತ್ತು ನಂತರದ ವರ್ಷಗಳ ಆವಕ ಹೋಲಿಸಿದರೂ ಸಾಕು, ಒಂದು ಪ್ರಾಜೆಕ್ಟ್ ಆಯಿತು.

ಸ್ಟೈಪೆಂಡ್ ಇಲ್ಲಿಯೂ ನಂಬಬೇಡಿ. ಕಾರ್ಯದರ್ಶಿಗಳ ಅನುಮತಿ ಬೇಕು, ದಲ್ಲಾಳಿ ಅಂಗಡಿಯವರ ವಿಶ್ವಾಸ ಅದಕ್ಕಿಂತ ಹೆಚ್ಚು ಬೇಕು. ಮೊದಲ ವಾರವೇ ಕಮಿಷನ್ ಎಷ್ಟು, ತೂಕದಲ್ಲಿ ಎಷ್ಟು ಕಳೀತೀರಿ ಅಂತ ಕೇಳಿದರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಮಾಲರ ಜೊತೆ ಟೀ ಕುಡಿಯಿರಿ. ಮಾರುಕಟ್ಟೆ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಕ್ಯೂರಿಂಗ್ ವರ್ಕ್ಸ್ ಮತ್ತು ರಫ್ತು

ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಹೊರದೇಶಕ್ಕೆ ಹೋಗುತ್ತದೆ, ಹೆಚ್ಚಿನದು ಯುರೋಪಿಗೆ. ಹಾಗಾಗಿ ವ್ಯಾಪಾರ ಕಲಿಯಬೇಕು ಅನ್ನುವವರು ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ತಿಂಗಳಾದರೂ ಇರಬೇಕು. ಅಲ್ಲಿ ಕಲಿಯುವ ಮೊದಲ ಪದ ಔಟ್‌ಟರ್ನ್. 50 ಕೆಜಿಯ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಿಂದ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನುವುದು. ಒಬ್ಬರದು 26 ಬಂತು, ಪಕ್ಕದವರದು 28 ಬಂತು. ಬೀಜಕ್ಕೆ ಕೆಜಿಗೆ 400 ರೂಪಾಯಿ ಅಂತಿಟ್ಟುಕೊಂಡರೆ ಒಂದೇ ಚೀಲಕ್ಕೆ 800 ರೂಪಾಯಿ ವ್ಯತ್ಯಾಸ. ಇದರ ಮೇಲೆ ತೇವಾಂಶದ ಕಡಿತ. ಮೀಟರಿನ ಮುಂದೆ ಬೆಳೆಗಾರ ಯಾಕೆ ಅಷ್ಟು ಗಮನವಿಟ್ಟು ನಿಂತಿರುತ್ತಾನೆ ಅಂತ ಆಗ ಅರ್ಥವಾಗುತ್ತದೆ. ದರಕ್ಕೆ ನೋಡುವುದು ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ, ಅರೇಬಿಕಾಕ್ಕೆ ನ್ಯೂಯಾರ್ಕ್. ಒಂದು ಟನ್ನಿಗೆ ಡಾಲರಿನಲ್ಲಿ, ಇನ್ನೊಂದು ಪೌಂಡ್ ತೂಕಕ್ಕೆ ಸೆಂಟ್‌ನಲ್ಲಿ. ಇವನ್ನು ರೂಪಾಯಿಗೆ, ಕೆಜಿಗೆ, ಕೊನೆಗೆ ಚೀಲಕ್ಕೆ ಇಳಿಸುವ ಲೆಕ್ಕ ದಿನಾ ಬೆಳಿಗ್ಗೆ ಮಾಡಿದರೆ ವಾರದಲ್ಲಿ ಕೈಗೆ ಹತ್ತುತ್ತದೆ.

ಇಲ್ಲಿ ಈಗ ಹೊಸ ಕೆಲಸವೊಂದು ಬಂದಿದೆ. ಯುರೋಪಿನ ಅರಣ್ಯನಾಶ ತಡೆ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಅದಕ್ಕೆ ಪ್ರತಿ ತೋಟದ ಸ್ಥಳ ಗುರುತು ಬೇಕು, 4 ಹೆಕ್ಟೇರ್ ಮೀರಿದರೆ ಗಡಿಯ ಪೂರ್ತಿ ನಕ್ಷೆ ಬೇಕು. ನಿಯಮ 2023ರಲ್ಲೇ ಬಂದರೂ ಅನ್ವಯವಾಗುವ ದಿನಾಂಕವನ್ನು ಮುಂದಕ್ಕೆ ಹಾಕಿದ್ದಾರೆ, ಆದರೆ ತಯಾರಿ ನಿಂತಿಲ್ಲ. ಪಹಣಿಯಲ್ಲಿ ಅಜ್ಜನ ಹೆಸರು, ತೋಟ ಮಾಡುವವರು ಮೂವರು ಮೊಮ್ಮಕ್ಕಳು, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು) ಆಗಿಲ್ಲ. ಇಂಥ ಜಾಗದ ಗಡಿ ಫೋನಿನಲ್ಲಿ ಗುರುತಿಸಲು ತೋಟದಲ್ಲಿ ನಡೆಯುವ, ಮನೆಯವರ ಜೊತೆ ಕೂತು ಮಾತಾಡುವ ವಿದ್ಯಾರ್ಥಿಗಳು ಬೇಕು. ಬ್ರಸೆಲ್ಸ್‌ನ ನಿಯಮವೊಂದು ಮೂಡಿಗೆರೆಯ ಪಾಲು ಪಟ್ಟಿಯ ಮೇಲೆ ಬಂದು ಕೂರುವುದನ್ನು ಕಣ್ಣಾರೆ ನೋಡಬಹುದು. ಖಾಸಗಿಯವರಾದ್ದರಿಂದ ಊಟ, ಓಡಾಟದ ಖರ್ಚು ಕೇಳಲು ಸಂಕೋಚ ಬೇಡ.

ಹಾಲು ಒಕ್ಕೂಟ, ರೈತ ಕಂಪನಿ

ಹಾಸನ ಹಾಲು ಒಕ್ಕೂಟ ಹಾಸನ, ಚಿಕ್ಕಮಗಳೂರು, ಕೊಡಗು ಮೂರು ಜಿಲ್ಲೆಗೂ ಸೇರಿದ್ದು. ಸಹಕಾರ ತತ್ವ ಕಲಿಯಲು ಒಳ್ಳೆಯದು. ಆದರೆ ಡೈರಿಯ ಒಳಗೆ ಕೂರುವ ಬದಲು ಹಳ್ಳಿಯ ಸಂಘದ ಜೊತೆ ಇರಲು ಕೇಳಿ. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಯಾವಾಗ ಖಾತೆಗೆ ಬೀಳುತ್ತದೆ ಅಂತ ಹೆಂಗಸರು ಸಂಘದ ಕಾರ್ಯದರ್ಶಿಯನ್ನು ಕೇಳುವುದನ್ನು ಅಲ್ಲೇ ಕೇಳಬೇಕು.

ರೈತ ಉತ್ಪಾದಕರ ಕಂಪನಿಗಳ, ಅಂದರೆ ರೈತರೇ ಷೇರುದಾರರಾಗಿ ನಡೆಸುವ ಕಂಪನಿಗಳ ಬಗ್ಗೆ ನಾನು ಪೂರ್ತಿ ನಿಷ್ಪಕ್ಷಪಾತಿ ಅಲ್ಲ, ಈಗ ಅಂಥದ್ದೇ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. 2020ರ ಕೇಂದ್ರ ಯೋಜನೆಯಲ್ಲಿ ಹುಟ್ಟಿದ ಕಂಪನಿಗಳಿಗೆ ಮೂರು ವರ್ಷದ ನಿರ್ವಹಣೆಗೆ 18 ಲಕ್ಷದವರೆಗೆ ನೆರವು ಇತ್ತು. ಅದು ಮುಗಿದ ಮೇಲೆ ಸ್ವಂತ ಕಾಲ ಮೇಲೆ ನಿಂತವು ಯಾವುವು, ನಿಲ್ಲದವು ಯಾವುವು ಅಂತ ಕೇಳಿ ನೋಡಿ. ಕೆಲಸ ಬೇಕಾದಷ್ಟು ಸಿಗುತ್ತದೆ, ಕಲಿಸುವವರಿಗೆ ಪುರುಸೊತ್ತು ಮಾತ್ರ ಕಡಿಮೆ.

ಬೆಂಗಳೂರು, ದೆಹಲಿ

ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ. ಪದವಿ ವಿದ್ಯಾರ್ಥಿಗಳಿಗೆ ಪಿಯುಸಿಯಲ್ಲಿ ನೂರಕ್ಕೆ 85 ಅಂಕ ಬೇಕು, ಸ್ಟೈಪೆಂಡ್ ಇಲ್ಲ. ದೆಹಲಿಯ ಬಾಡಿಗೆ ಕಟ್ಟಲು ಮನೆಯಲ್ಲಿ ಶಕ್ತಿ ಇದ್ದರೆ ಮಾತ್ರ ಯೋಚಿಸಿ. ನಬಾರ್ಡ್‌ನದು ಸ್ನಾತಕೋತ್ತರದವರಿಗೆ, 8ರಿಂದ 12 ವಾರ, ಈಚಿನ ಪ್ರಕಟಣೆಗಳಲ್ಲಿ ತಿಂಗಳಿಗೆ 18,000 ರೂಪಾಯಿ. ಎಂ.ಎ., ಎಂ.ಎಸ್ಸಿ. ಮೊದಲ ವರ್ಷ ಮುಗಿಸಿದವರು ಇದಕ್ಕೆ ಅರ್ಜಿ ಹಾಕದೆ ಬಿಡಬಾರದು. ಸಣ್ಣ ವಿಷಯ ಕೊಟ್ಟು ವರದಿ ಬರೆಸುತ್ತಾರೆ, ಹಳ್ಳಿಗೂ ಕಳಿಸುತ್ತಾರೆ. ಬೆಂಗಳೂರಿನ ಕರ್ನಾಟಕ ಕೃಷಿ ಬೆಲೆ ಆಯೋಗಕ್ಕೂ ಒಂದು ಪತ್ರ ಬರೆದು ನೋಡಿ, ಬೆಳೆ ವೆಚ್ಚದ ಲೆಕ್ಕ ಅಲ್ಲಿನ ಮುಖ್ಯ ಕೆಲಸ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಅಂತ ಕೆಲವರು ಕೇಳುತ್ತಾರೆ. 2024ರಲ್ಲಿ ಶುರುವಾದಾಗ ಅದು ಪೂರ್ಣಾವಧಿ ಓದುತ್ತಿರುವವರಿಗೆ ಇರಲಿಲ್ಲ, ಈಗಿನ ನಿಯಮ ನೋಡಿಕೊಳ್ಳಿ.

ಯಾವ ತಿಂಗಳು

ಜಾಗದಷ್ಟೇ ತಿಂಗಳೂ ಮುಖ್ಯ. ಕಾಲೇಜು ರಜೆ ಕೊಟ್ಟಾಗ ಹೊರಟರೆ ಅರ್ಧ ಕಡೆ ಖಾಲಿ ಕುರ್ಚಿ ಕಾಣುತ್ತದೆ. ಬಿತ್ತನೆ ಆಲೂಗಡ್ಡೆ ನೋಡಬೇಕೆಂದರೆ ಮೇ, ಹೊಸ ಗೆಡ್ಡೆಯ ಮಾರಾಟ ನೋಡಬೇಕೆಂದರೆ ಆಗಸ್ಟ್–ಸೆಪ್ಟೆಂಬರ್. ಕ್ಯೂರಿಂಗ್ ವರ್ಕ್ಸ್‌ಗೆ ಜನವರಿಯಿಂದ ಮಾರ್ಚ್. ಸಂಘಗಳಲ್ಲಿ ಬರವಣಿಗೆಯ ಕೆಲಸ ಬಿರುಸಾಗುವುದು ನವೆಂಬರ್, ಡಿಸೆಂಬರ್‌ನಲ್ಲಿ. ಫೆಬ್ರವರಿ 1ರ ಕೇಂದ್ರ ಬಜೆಟ್ಟಿಗೆ ಮುಂಚೆ ಮನವಿಗಳು ದೆಹಲಿ ತಲುಪಬೇಕು, ಅದರ ಬೆನ್ನಿಗೆ ರಾಜ್ಯ ಬಜೆಟ್. ಜೂನ್, ಜುಲೈಯಲ್ಲಿ ಮಲೆನಾಡಿನಲ್ಲಿ ಮಳೆ ಹಿಡಿದರೆ ತೋಟ ಸುತ್ತುವುದು ಕಷ್ಟ. ಆಗಲೇ ರಜೆ ಇದ್ದರೆ ಅರಸೀಕೆರೆ ಕಡೆ ಹೋಗಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಶಕ್ತಿ ಯೋಜನೆ ಬಂದ ಮೇಲೆ ಹಾಸನ, ಬೇಲೂರು, ಚಿಕ್ಕಮಗಳೂರು ನಡುವೆ ಓಡಾಟದ ಖರ್ಚು ಉಳಿದಿದೆ, ಹಾಗಾಗಿ ಮನೆಯಿಂದಲೇ ಹೋಗಿ ಬರುವ ಜಾಗಗಳನ್ನು ಮೊದಲು ನೋಡಿ. ತೋಟಗಳಿಗೆ ಹೋಗುವ ದಿನ ಸಂಜೆಯ ಕೊನೆ ಬಸ್ ಎಷ್ಟಕ್ಕೆ ಅಂತ ಬೆಳಿಗ್ಗೆಯೇ ಕೇಳಿಕೊಳ್ಳಿ, ಆನೆ ಓಡಾಟ ಇರುವ ಕಡೆ ನಾಲ್ಕು ಗಂಟೆಗೆ ಹೊರಟುಬಿಡಿ. ಇದನ್ನು ಮೇಲಿನವರಿಗೆ ಹೇಳಲು ಹಿಂಜರಿಯಬೇಡಿ.

ಪತ್ರ ಬರೆಯುವಾಗ

"ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೋರಿ" ಅಂತ ಶುರುವಾಗುವ ಪತ್ರಕ್ಕೆ ಉತ್ತರ ಬರುವುದು ಕಡಿಮೆ. ಒಂದು ಪುಟ ಸಾಕು. ಯಾವ ವಿಷಯ, ಎಷ್ಟು ವಾರ, ಕೊನೆಗೆ ನೀವು ಬರೆದು ಕೊಡುವುದು ಏನು, ಈ ಮೂರು ಇರಲಿ. ಹೋದ ವರ್ಷ ಆಲೂರಿನ ಒಬ್ಬಳು ಬರೆದದ್ದು ಹೀಗಿತ್ತು: "ನಮ್ಮ ಮನೆಯ ಮೂರು ಎಕರೆಯಲ್ಲಿ ಆನೆ ಬಂದ ಮೂರು ವರ್ಷದ ಪರಿಹಾರ ಅರ್ಜಿಗಳು ನನ್ನ ಹತ್ತಿರ ಇವೆ. ಇನ್ನೂ 15 ಮನೆಗಳದ್ದು ಸೇರಿಸಿ, ಅರ್ಜಿ ಹಾಕಿದ ದಿನದಿಂದ ಹಣ ಬಂದ ದಿನದವರೆಗಿನ ಪಟ್ಟಿ ಮಾಡಿ ಎಂಟು ವಾರದಲ್ಲಿ ಕೊಡುತ್ತೇನೆ." ಸಂಘದವರು ಮರುದಿನವೇ ಫೋನ್ ಮಾಡಿ ಸೋಮವಾರ ಬಾ ಅಂದರು. ಅವಳು ಹೋಗುವಾಗ ಮೂರೂ ಅರ್ಜಿಗಳ ಜೆರಾಕ್ಸ್ ತೆಗೆದುಕೊಂಡು ಹೋದಳು.